ಎರಡೇ ಕುರಿ

ನಮ್ಮ ಕಡೆ ಪ್ರವಾಹಕ್ಕೆ ಮಳೆ ಬೇಕಿಲ್ಲ. ಮಹಾರಾಷ್ಟ್ರದಲ್ಲಿ ಸುರಿದರೆ ಸಾಕು, ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ನಾವು ಬಿರುಬಿಸಿಲಲ್ಲಿ ಮುಳುಗುತ್ತೇವೆ. ಆ ವರ್ಷ ಊರೆಲ್ಲ ಖಾಲಿಯಾದರೂ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಕುರಿ ಬಿಟ್ಟು ಕದಲಲಿಲ್ಲ. ಗಂಡ ಸತ್ತ ಮೇಲೆ ಆ ಇಪ್ಪತ್ತೆರಡು ಕುರಿಗಳೇ ಅವಳ ಸಂಸಾರ. ಬನಹಟ್ಟಿಯಲ್ಲಿ ಮಗ್ಗ ನಡೆಸುವ ನಾನು ಅವಳನ್ನು ಕರೆತರಲು ಹೋದೆ. ಮಾತಿಗೆ ಮಾತು ಬೆಳೆಯುವಷ್ಟರಲ್ಲಿ ದಾರಿ ಮುಳುಗಿತು. ಕುರಿಗಳ ಜೊತೆ ಶಾಲೆಯ ಮಹಡಿ ಹತ್ತಿದೆವು.

ಎರಡು ದಿನ ಒಂದೇ ಕೋಣೆ. ಕಿಟಕಿಗೆ ತಾಗಿದ್ದ ಬೇವಿನ ಟೊಂಗೆ ಮುಗಿದ ಮೇಲೆ ಕುರಿಗಳು ಗೋಡೆಯ ಭಾರತದ ನಕಾಶೆಯನ್ನು ಕನ್ಯಾಕುಮಾರಿಯಿಂದ ಮೇಯುತ್ತ ಬಂದವು. ಕುರಿಹಿಕ್ಕಿ ಗುಡಿಸಿ ಗುಡಿಸಿ ನನಗೆ ಸಾಕಾಗಿತ್ತು. ಹೊತ್ತು ಹೋಗಬೇಕಲ್ಲ, ಪಾದ್ರಿಗಳ ಶಾಲೆಯಲ್ಲಿ ಕೇಳಿದ್ದ ಬೈಬಲಿನ ಕಥೆ ಹೇಳಿದೆ: ಲೋಕವೇ ಮುಳುಗುವಾಗ ಒಬ್ಬ ಮುದುಕ ಹಡಗು ಕಟ್ಟಿ, ಪ್ರಾಣಿಗಳನ್ನು ಜೋಡಿ ಜೋಡಿಯಾಗಿ ಹತ್ತಿಸಿಕೊಂಡು ಉಳಿಸಿದ ಕಥೆ.

ಚಿಗವ್ವ ಅದನ್ನು ಕುರಿ ಸಾಕುವವಳ ಲೆಕ್ಕದಲ್ಲಿ ವಿಚಾರಿಸಿದಳು. ಹುಲಿಗೆ ಏನು ಹಾಕಿದ? ಆಡು ಹಗ್ಗ ತಿನ್ನಲಿಲ್ಲವೇ? ಆನೆಗೆ ಹೊಟ್ಟೆ ಕೆಟ್ಟರೆ ಗತಿಯೇನು? ಮುದುಕನ ಹೆಂಡತಿಯ ಹೆಸರೇನು? ಹೆಸರು ಕಥೆಯಲ್ಲಿಲ್ಲ ಎಂದೆ.

“ಹಂಗಾದ್ರ ಹಿಕ್ಕಿ ಬಳದಾಕಿ ಆಕಿನ,” ಎಂದಳು.

ಸಿಕ್ಕಿಬಿದ್ದ ಮೇಲೆ ಮೊದಲ ಸಲ ಇಬ್ಬರೂ ನಕ್ಕೆವು.

ಮೂರನೆಯ ದಿನ ದೋಣಿ ಬಂತು. ನಾನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೇಬಿಟ್ಟೆ. ದೋಣಿಯವನು ಒಳ್ಳೆಯವನೇ. ನೀವಿಬ್ಬರು ಬನ್ನಿ, ಬೇಕಿದ್ದರೆ ಎರಡು ಕುರಿ, ಅದಕ್ಕಿಂತ ಹೆಚ್ಚು ಆಗದು, ಮತ್ತೆ ಬರುವ ಭರವಸೆಯೂ ಇಲ್ಲ ಎಂದ. ಬೇಗ ಎರಡು ಹಿಡಿ ಎಂದು ನಾನು ಕೆಳಗಿನಿಂದ ಗದರಿದೆ.

ಚಿಗವ್ವ ಕುರಿಗಳ ನಡುವೆ ಹೊಕ್ಕಳು. ಒಂದರ ಕಿವಿ ಹಿಡಿದಳು, ಬಿಟ್ಟಳು. ಗಬ್ಬದ ಕುರಿಯೊಂದನ್ನು ಬಾಗಿಲ ತನಕ ತಂದಳು. ಕುರಿಗಳ ಬುದ್ಧಿಯೇ ಹಾಗೆ, ಒಂದು ಹೊರಟರೆ ಎಲ್ಲವೂ ಹೊರಡುತ್ತವೆ. ಉಳಿದ ಇಪ್ಪತ್ತೊಂದೂ ಅರಚುತ್ತ ಅದರ ಬೆನ್ನಿಗೆ ಬಂದು ನಿಂತವು. ಅವಳು ಕೈ ಬಿಟ್ಟಳು.

“ಆ ಮುದುಕ ಎರಡ ಹೆಂಗ ಆರಿಸಿದ್ನೋ ಏನೋ,” ಎಂದಳು. “ಉಳದವು ಹೊರಗ ನಿಂತು ಒದರತಿದ್ದಿರಬೇಕಲ್ಲ, ತಮ್ಮಾ.”

ಆ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ, ಹೇಳಿದ್ದೆ. ಹೊರಗೆ ಉಳಿದವುಗಳ ಕೂಗು ನನಗೆ ಒಮ್ಮೆಯೂ ಕೇಳಿಸಿರಲಿಲ್ಲ. ಈಗ ಕೇಳಿಸಿತಲ್ಲ ಎಂದು ಅವಳ ಮೇಲೆಯೇ ಸಿಟ್ಟು ಬಂತು. ಚೀಲ ಇಳಿಸಿ, ದೋಣಿಯವನಿಗೆ ಹೋಗೆಂದೆ.