ಒಲೆಗಿಂತ ಅಗಲವಾದ ಡಬರಿ

ಪುಟ್ಟಿ, ಚಿನ್ನು, ಇದನ್ನು ನಿಧಾನವಾಗಿ ಓದಿರಿ. ನಿಮ್ಮ ಅಜ್ಜಿಯಾದ ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ ಕಲಿತವಳು, ಸಾಲುಗಳು ಸೊಟ್ಟಗೆ ಹೋಗುತ್ತವೆ. ಕಷ್ಟವಾದರೆ ನಿಮ್ಮಪ್ಪನಿಂದ ಓದಿಸಿಕೊಳ್ಳಿರಿ. ಆದರೆ ಅವನು ನಡುನಡುವೆ ಬಿಟ್ಟು ಓದದಂತೆ ನೋಡಿಕೊಳ್ಳಿರಿ.

ಹೋದ ವಾರ ಪುಟ್ಟಿ ಫೋನ್ ಮಾಡಿದ್ದಳು. "ಆಯಿ, ನನ್ನ ಫ್ಲ್ಯಾಟಿಗೆ ಭಾಳ ಮಂದಿ ಫ್ರೆಂಡ್ಸ್ ಬರ್ತಾರ. ಜಂಬಲಾಯ ಮಾಡ್ತೀನಿ. ಲಾಫ್ಟ್‌ನ್ಯಾಗಿನ ಆ ದೊಡ್ಡ ಪಾತ್ರಿ ತೊಗೊಂಡು ಹೋಗ್ಲೇನು?" ಎಂದು ಕೇಳಿದಳು. ಬೇಡ ಎಂದೆ. ಯಾಕೆ ಎಂದಳು. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಜಂಬಲಾಯ ಎಂದರೆ ಏನೆಂದು ನನಗೆ ಗೊತ್ತಾದದ್ದು ಲಂಡನ್ನಿನ ಇಲ್ಫರ್ಡಿನ ಮನೆಯಲ್ಲಿ, ಪಕ್ಕದ ಮನೆಯವಳಿಂದ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಿಮ್ಮಜ್ಜ ತೀರಿಕೊಂಡ ಮೇಲೆ ನಿಮ್ಮಪ್ಪ ನನ್ನನ್ನು ಧಾರವಾಡದ ಕಡೆಯಿಂದ ಕರೆದು ತಂದಿದ್ದ. ಚಿನ್ನು ಇನ್ನೂ ಹುಟ್ಟಿರಲಿಲ್ಲ. ಪುಟ್ಟಿ ಆಗಷ್ಟೇ ಶಾಲೆಗೆ ಹೋಗತೊಡಗಿದ್ದಳು. ಪಕ್ಕದ ಮನೆಯವಳು ಅಮೆರಿಕದ ದಕ್ಷಿಣ ಭಾಗದವಳು, ಲಂಡನ್ನಿನವನನ್ನು ಮದುವೆಯಾಗಿ ಬಂದವಳು, ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವಳು. ಈರುಳ್ಳಿ, ದೊಣ್ಣಮೆಣಸಿನಕಾಯಿ, ಟೊಮ್ಯಾಟೊ ಹುರಿದು ಅದರಲ್ಲೇ ಅಕ್ಕಿ ಬೇಯಿಸುವುದು ಅವಳ ಊರಿನ ಅಡುಗೆ. ಅವರು ಮಾಂಸವನ್ನೂ ಹಾಕುತ್ತಾರೆ. ಹಾಕದಿದ್ದರೆ ನಮ್ಮ ಮಸಾಲೆ ಅನ್ನದ ದೂರದ ನೆಂಟನಂತಿರುತ್ತದೆ.

ಆ ಚಳಿಗಾಲದಲ್ಲಿ ಅವಳ ಚರ್ಚಿನಲ್ಲಿ ದೊಡ್ಡ ಊಟವಿತ್ತು. ಅಷ್ಟು ಜನರಿಗೆ ಬೇಯಿಸುವ ಪಾತ್ರೆ ಯಾವುದೆಂದು ಗೊತ್ತಾಗದೆ ನಮ್ಮ ಮನೆಗೆ ಬಂದಳು. ಹಿಂದಿನ ದೀಪಾವಳಿಗೆ ನಮ್ಮ ಕನ್ನಡದ ಮಂದಿಗೆಲ್ಲ ನಾನು ಅಡುಗೆ ಮಾಡಿದ್ದನ್ನು ಬೇಲಿಯಾಚೆಯಿಂದ ನೋಡಿದ್ದಳಂತೆ. ಆಗ ನಾನು ತೋಟದಲ್ಲಿ, ಗ್ಯಾಸ್ ಸಿಲಿಂಡರಿನ ದೊಡ್ಡ ಒಲೆಯ ಮೇಲೆ ಮಾಡಿದ್ದೆ.

ಅಡುಗೆಮನೆಯ ನೆಲದ ಮೇಲೆ ಮೂರು ಪಾತ್ರೆಗಳನ್ನಿಟ್ಟುಕೊಂಡು ಕೂತೆವು. ಒಂದು ಅವಳ ತಾಯಿಯದು, ಕಪ್ಪು ಕಬ್ಬಿಣದ್ದು, ದುಂಡಗೆ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಇನ್ನೊಂದು ಚರ್ಚಿನವರದು, ಸೂಪು ಕಾಯಿಸುವ ಎತ್ತರದ ಸ್ಟೀಲ್ ಪಾತ್ರೆ. ಮೂರನೆಯದು ನನ್ನ ಡಬರಿ, ಈಗ ಲಾಫ್ಟಿನಲ್ಲಿರುವುದು ಅದೇ. ದಪ್ಪ ಅಲ್ಯೂಮಿನಿಯಂದು, ಅಗಲ ಬಾಯಿ, ಅಗಲ ತಳ. ವಿಮಾನದಲ್ಲಿ ಬರುವಾಗ ಅದರೊಳಗೆ ನನ್ನ ಸೀರೆಗಳನ್ನೆಲ್ಲ ತುಂಬಿ ತಂದಿದ್ದೆ.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ಪುಟ್ಟಿ ಕೂತು ಇಬ್ಬರ ಮಾತನ್ನೂ ಆಚೆ ಈಚೆ ದಾಟಿಸುತ್ತಿದ್ದಳು.

"ಎತ್ತರದ್ದು ಬ್ಯಾಡಂತ ಹೇಳವ್ವಾ. ತಳದಾಗ ಗಂಜಿ ಆಗ್ತದ, ಮ್ಯಾಲ ಅಕ್ಕಿ ಹಂಗ ಉಳೀತದ," ಎಂದೆ.

ಪುಟ್ಟಿ ಹೇಳಿದಳು. ಪಕ್ಕದ ಮನೆಯವಳು ತೊಡೆ ತಟ್ಟಿಕೊಂಡು ನಕ್ಕಳು.

"ಆಯಿ, ಅವ್ರ ಮಮ್ಮೀನೂ ಸೇಮ್ ಹಿಂಗ ಹೇಳ್ತಿದ್ರಂತ. ಆದ್ರ ಐರನ್ ಪಾತ್ರಿ ಟೂ ಸ್ಮಾಲ್ ಅಂತ."

"ಹಂಗಾದ್ರ ಅದ್ರಾಗ ಅವ್ರು ತಮ್ಮನ್ಯಾಗ ಮಾಂಸದ್ದು ಮಾಡ್ಲಿ. ನಾ ಇಲ್ಲೆ ಡಬರ‍್ಯಾಗ ಬರೇ ಕಾಯಿಪಲ್ಲೆದ್ದು ಮಾಡ್ತೀನಿ."

ಅವಳು ಡಬರಿಯನ್ನು ಬೆರಳಿನಿಂದ ಬಡಿದು ನೋಡಿ ಏನೋ ಅಂದಳು. ಪುಟ್ಟಿ ಕಿಲಕಿಲ ನಕ್ಕಳು. "ಆಯಿ, ಇದ್ರಾಗ ನನ್ನ ಕುಂದ್ರಿಸಿ ಬಾತ್ ಮಾಡಸ್ತಾರಂತ!"

ಹಾಗೆ ನಾವಿಬ್ಬರೂ ಸೇರಿ ಡಬರಿಯನ್ನು ಆರಿಸಿದೆವು. ಅನ್ನಕ್ಕೆ ಯಾವ ಪಾತ್ರೆ ಎಂದು ಯೋಚಿಸಿದೆವೇ ಹೊರತು, ಆ ಪಾತ್ರೆಗೆ ಯಾವ ಒಲೆ ಎಂದು ಯೋಚಿಸಲಿಲ್ಲ.

ಊಟದ ದಿನ ಶನಿವಾರ. ನಿಮ್ಮಪ್ಪ, ಅಮ್ಮ ಇಬ್ಬರಿಗೂ ಆಸ್ಪತ್ರೆಯಲ್ಲಿ ಡ್ಯೂಟಿ. ಹೊರಗೆ ಬಿಳಿ ಮಂಜು ಬಿದ್ದಿತ್ತು, ತೋಟದಲ್ಲಿ ಒಲೆ ಹಚ್ಚುವಂತಿರಲಿಲ್ಲ. ಡಬರಿಯನ್ನು ಒಳಗಿನ ಗ್ಯಾಸಿನ ಮೇಲೆ ಇಟ್ಟೆ. ಅದು ನಾಲ್ಕೂ ಬರ್ನರುಗಳನ್ನು ಮುಚ್ಚಿಕೊಂಡು ಕೂತಿತು. ನಾಲ್ಕನ್ನೂ ಹಚ್ಚಿದೆ.

ಒಗ್ಗರಣೆಯ ವಾಸನೆಗೆ ನಾನು ಬಹಳ ಹೆದರುತ್ತಿದ್ದೆ. ಒಮ್ಮೆ ನಿಮ್ಮಮ್ಮನ ಕೋಟಿನಿಂದ ಈರುಳ್ಳಿ ವಾಸನೆ ಬರುತ್ತದೆಂದು ವಾರ್ಡಿನಲ್ಲಿ ಯಾರೋ ಅಂದಿದ್ದರು. ಅವಳು ನಗುನಗುತ್ತಲೇ ಹೇಳಿದ್ದಳು, ನಾನು ಮಾತ್ರ ಅದನ್ನು ಮರೆಯಲಿಲ್ಲ. ಅಂದಿನಿಂದ ಒಲೆ ಹಚ್ಚುವ ಮೊದಲು ಕಿಟಕಿ ಮುಚ್ಚುವುದು, ಹಜಾರದ ಕಡೆಯ ಬಾಗಿಲು ಹಾಕಿ ಅದರ ಸಂದಿಗೆ ಒದ್ದೆ ಟವೆಲ್ ತುರುಕುವುದು ನನ್ನ ರೂಢಿ. ಅಂದೂ ಹಾಗೇ ಮಾಡಿದೆ.

ಪುಟ್ಟಿ ಮೇಜಿನ ಹತ್ತಿರ ಬಣ್ಣ ಹಚ್ಚುತ್ತಾ ಕೂತಿದ್ದಳು. ಪಕ್ಕದ ಮನೆಯವಳು ಟೊಮ್ಯಾಟೊ ಹೆಚ್ಚಿಕೊಟ್ಟು, ತನ್ನ ಪಾತ್ರೆ ನೋಡಿ ಬರುತ್ತೇನೆಂದು ಹಿತ್ತಿಲ ಬಾಗಿಲಿನಿಂದ ಹೋದಳು. ಚಳಿ ಬರುತ್ತದೆಂದು ಆ ಬಾಗಿಲಿಗೂ ಚಿಲಕ ಹಾಕಿದೆ.

ಅಕ್ಕಿ ಹಾಕಿ ಉರಿ ಸಣ್ಣ ಮಾಡಲು ಬಗ್ಗಿ ನೋಡಿದಾಗ ಬೆಂಕಿ ಹಳದಿಯಾಗಿ, ಡಬರಿಯ ಅಡಿಯಿಂದ ನಾಲಿಗೆ ಚಾಚುತ್ತಿತ್ತು. ನನಗೆ ಸಂತೋಷವೇ ಆಯಿತು. ಈ ದೇಶದ ನೀಲಿ ಉರಿ ನನಗೆಂದೂ ಬೆಂಕಿ ಅನ್ನಿಸಿರಲಿಲ್ಲ. ಸೌದೆ ಒಲೆಯ ಮುಂದೆ ಬೆಳೆದವಳು ನಾನು, ಬೆಂಕಿ ಹಳದಿಯೇ ಇರಬೇಕು. ಡಬರಿಯ ಬದಿಗೆ ಮಸಿ ಏರುತ್ತಿತ್ತು. ಮಸಿ ಹಿಡಿಯದ ಪಾತ್ರೆಯನ್ನು ನಮ್ಮೂರಲ್ಲಿ ಯಾರು ಕಂಡಿದ್ದರು?

ತಲೆ ಸಿಡಿಯತೊಡಗಿತು. ಈರುಳ್ಳಿಯ ಘಾಟು ಇರಬೇಕು, ಬೆಳಗಿನಿಂದ ಚಹಾ ಕುಡಿದಿಲ್ಲವಲ್ಲ ಎಂದುಕೊಂಡೆ. ಪುಟ್ಟಿ ಮೇಜಿನ ಮೇಲೆ ತಲೆಯಿಟ್ಟಿದ್ದಳು.

"ನಿದ್ದಿ ಬಂತೇನವ್ವಾ?"

"ಟಮ್ಮಿ ಹರ್ಟ್ ಆಗ್ತದ, ಆಯಿ."

"ಸ್ವಲ್ಪ ಮಕ್ಕೋ. ಎಬ್ಬಸ್ತೀನಿ."

ಮಲಗು ಎಂದವಳು ನಾನೇ. ಆ ಮಾತು ಈಗಲೂ ಕಿವಿಯಲ್ಲಿದೆ.

ಸೌಟು ಆಡಿಸುತ್ತಾ ಎಷ್ಟು ಹೊತ್ತು ನಿಂತೆನೋ ತಿಳಿಯದು. ಸೌಟು ಕೈಯಿಂದ ಜಾರಿ ಬಿತ್ತು. ಅಷ್ಟು ದೊಡ್ಡ ಸದ್ದಿಗೂ ಪುಟ್ಟಿ ಅಲುಗಲಿಲ್ಲ. ಹತ್ತಿರ ಹೋಗಿ ಗಲ್ಲ ತಟ್ಟಿದೆ. ತಲೆ ಒಂದು ಕಡೆಗೆ ವಾಲಿತು. ಬಾಯಿಯ ಪಕ್ಕ ವಾಂತಿಯಾಗಿತ್ತು. "ಪುಟ್ಟೀ, ಏಳವ್ವಾ, ಏ ಪುಟ್ಟೀ" ಎಂದು ಅಲುಗಾಡಿಸಿದೆ. ಕಣ್ಣು ಅರ್ಧ ತೆರೆದಿತ್ತು, ಆದರೆ ಅದು ನನ್ನನ್ನು ನೋಡುತ್ತಿರಲಿಲ್ಲ.

ಎತ್ತಿಕೊಳ್ಳಲು ಹೋದೆ. ಕಾಲು ನನ್ನದಲ್ಲವೆಂಬಂತೆ ಮಡಚಿಕೊಂಡಿತು, ಇಬ್ಬರೂ ನೆಲಕ್ಕೆ ಬಿದ್ದೆವು. ಹಜಾರದ ಬಾಗಿಲನ್ನು ಎಳೆದೆ. ನಾನೇ ತುರುಕಿದ್ದ ಟವೆಲ್ ಅಡಿಗೆ ಸಿಕ್ಕಿಕೊಂಡು ಬಾಗಿಲು ಬರಲಿಲ್ಲ. ಏನಾಗುತ್ತಿದೆ ಎಂದೇ ಗೊತ್ತಿರಲಿಲ್ಲ ನನಗೆ. ಹೊಗೆಯಿಲ್ಲ, ಕೆಟ್ಟ ವಾಸನೆಯಿಲ್ಲ, ಮನೆ ತುಂಬ ಅನ್ನದ ಪರಿಮಳ. ಯಾವುದಕ್ಕೆ ಹೆದರಬೇಕೆಂದು ತಿಳಿಯದ ಹೆದರಿಕೆ ಅದು. ನಿಮ್ಮಜ್ಜನ ಕೊನೆಯ ಉಸಿರಿನ ಹೊತ್ತಿನಲ್ಲೂ ನಾನು ಅಷ್ಟು ಹೆದರಿರಲಿಲ್ಲ.

ಪುಟ್ಟಿಯ ಫ್ರಾಕು ಹಿಡಿದು ಹಿತ್ತಿಲ ಬಾಗಿಲ ಕಡೆಗೆ ಎಳೆದೆ. ಚಿಲಕ ಮೇಲಿತ್ತು. ಆಚೆಯಿಂದ ಯಾರೋ ಗಾಜು ಬಡಿಯುತ್ತಿದ್ದರು, ಪಕ್ಕದ ಮನೆಯವಳು. ಜೋರಾಗಿ ಮಾತಾಡಿದರೆ ನಾಚಿಕೆಯಾಗುತ್ತಿದ್ದ ನಾನು ಅಂದು ಊರಿಗೇ ಕೇಳುವಂತೆ ಚೀರಿದೆ. ಕನ್ನಡದಲ್ಲೇ. "ನನ್ನ ಕೂಸು! ನನ್ನ ಕೂಸು!" ಬಾಗಿಲಿನ ಹಿಡಿಕೆಗೆ ಜೋತುಬಿದ್ದು ಎದ್ದು ಚಿಲಕ ತೆಗೆದದ್ದಷ್ಟೇ ನೆನಪು.

ಆಮೇಲೆ ಮಂಜಿನ ಹುಲ್ಲು. ಪುಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದ ಮನೆಯವಳು ಅಳುತ್ತಾ ಅವಳ ಬೆನ್ನು ಉಜ್ಜುತ್ತಿದ್ದಳು. ಗ್ಯಾಸ್ ಆರಿಸಿ, ಆಂಬುಲೆನ್ಸಿಗೆ ಫೋನ್ ಮಾಡಿದವಳೂ ಅವಳೇ.

ಆಸ್ಪತ್ರೆಯಲ್ಲಿ ಪುಟ್ಟಿಯ ಪುಟ್ಟ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ನನಗೂ ಒಂದು ತಂದರು. ನಾನು ಎರಡು ಕೈಯಿಂದ ದೂಡಿದೆ. ನಾನು ಆ ಗಾಳಿ ಎಳೆದುಕೊಂಡಷ್ಟೂ ಕೂಸಿಗೆ ಕಡಿಮೆಯಾಗುತ್ತದೆ ಎಂದು ನನ್ನ ಹೆದರಿಕೆ. ಅಷ್ಟರಲ್ಲಿ ನಿಮ್ಮಮ್ಮ ಓಡಿ ಬಂದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಅತ್ತಿ, ಹಾಕ್ಕೋರಿ."

"ಬ್ಯಾಡವ್ವಾ, ಎಲ್ಲಾ ಆಕಿಗೇ ಕೊಡ್ರಿ."

"ಆಕಿದು ಬ್ಯಾರೆ ಐತ್ರಿ, ನಿಮ್ಮದು ಬ್ಯಾರೆ. ಹಾಕ್ಕೋರಿ, ನಿಮ್ಮ ಕಾಲಿಗೆ ಬೀಳ್ತೀನಿ." ಅವಳೇ ನನ್ನ ತಲೆಯ ಹಿಂದೆ ಅದರ ಪಟ್ಟಿ ಸಿಕ್ಕಿಸಿದಳು.

ಅಗಲವಾದ ತಳ ಬೆಂಕಿಗೆ ಗಾಳಿ ಸಿಗದಂತೆ ಮಾಡಿತ್ತು, ಉಸಿರು ಕಟ್ಟಿದ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಬಿಟ್ಟಿತ್ತು ಎಂದು ನಿಮ್ಮಪ್ಪ ಆಮೇಲೆ ತಿಳಿಸಿ ಹೇಳಿದ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಬೆಂಕಿ ಹಳದಿಯಾಗುವುದು, ಮಸಿ ಏರುವುದು ಅದರ ಗುರುತಂತೆ. ಅವನು ಬೈಯಲಿಲ್ಲ. ಬೈದಿದ್ದರೆ ಎದೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಕತ್ತಲಾಗುವ ಹೊತ್ತಿಗೆ ಪುಟ್ಟಿ ಕಣ್ಣು ಬಿಟ್ಟಳು. ಡಾಕ್ಟರು ಹೆಸರು ಕೇಳಿದರು. ಇನ್ನೊಮ್ಮೆ ಕೇಳಿದರು. ಅವಳು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಗುರುತು ಸಿಗುತ್ತಿಲ್ಲವೇ ಎಂದು ಹೆದರಿ ಅವಳ ಮುಖಕ್ಕೇ ಕಣ್ಣು ನೆಟ್ಟೆ.

"ಆಯಿ," ಎಂದಳು ಕಡೆಗೆ, "ಯಾಕ ಹಂಗ ನೋಡ್ಲಿಕ್ಕತ್ತೀ? ಸ್ಟಾಪ್ ಇಟ್."

ನಿಮ್ಮಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ.

ಆಮೇಲೆ ಮನೆಯಲ್ಲಿ ಆ ವಿಷಗಾಳಿ ಬಂದರೆ ಕೂಗುವ ಅಲಾರಂ ಹಾಕಿಸಿದರು, ಕಿಟಕಿ ತೆಗೆದೇ ಅಡುಗೆ ಮಾಡಿದೆವು. ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಪುಟ್ಟಿ ಸೋಫಾದ ಮೇಲೆ ಹಗಲು ಮಲಗಿದರೂ ಹೋಗಿ ಮೂಗಿನ ಹತ್ತಿರ ಬೆರಳಿಡುತ್ತಿದ್ದೆ. ಚಿನ್ನು ಹುಟ್ಟಿದ ಮೇಲೆ ಅವನಿಗೂ ಹಾಗೇ. "ಆಯಿ, ಗೋ ಅವೇ" ಎಂದು ಎಷ್ಟು ಸಲ ನನ್ನ ಕೈ ತಳ್ಳಿದ್ದೀರಿ. ಅದು ಯಾಕೆಂದು ನಿಮಗೆ ಈಗ ತಿಳಿಯಿತು.

ಪುಟ್ಟಿ, ನಿನಗೆ ಇದರಲ್ಲಿ ಒಂದೂ ನೆನಪಿಲ್ಲ. ನಿನ್ನ ಅಪ್ಪ ಅಮ್ಮ ಇದರ ಸುದ್ದಿ ಎತ್ತುವುದಿಲ್ಲ. ಜಂಬಲಾಯವನ್ನು ನಿನ್ನ ಒಲೆಗೆ ಹೊಂದುವ ಎರಡು ಮೂರು ಪಾತ್ರೆಗಳಲ್ಲಿ ಹಂಚಿ ಮಾಡು, ಕಿಟಕಿ ತೆಗೆದಿಡು, ವಾಸನೆ ಬೀದಿಗೆಲ್ಲ ಹೋದರೂ ಹೋಗಲಿ. ಈ ಹಾಳೆಗಳನ್ನು ಇಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಿರಿ. ಪೆಟ್ಟಿಗೆಯಲ್ಲಿ ಬೇಡ, ಕೈಗೆ ಸಿಗುವಲ್ಲಿ ಇರಲಿ. ನಾನಿಲ್ಲದಾಗ ನಿಮ್ಮ ಉಸಿರು ನೋಡಲು ಬರುವವರು ಯಾರಿದ್ದಾರೆ?