ನೆಲದಡಿ ನಡೆದವರು

ಅವರ ಎರಡೂ ಮೊಣಕಾಲುಗಳ ಚರ್ಮ ದಪ್ಪಗಟ್ಟಿ, ಹುಣಸೆಬೀಜದ ಹಾಗೆ ಕಪ್ಪಗೆ ನುಣ್ಣಗೆ ಹೊಳೆಯುತ್ತಿತ್ತು. ಜಗಲಿಯ ಮೇಲೆ ಕೂತು ಮಂಡಿಗೆ ಹೊಂಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಆ ಮುದುಕಿಯನ್ನು ಮೊದಲ ದಿನ ನೋಡಿದಾಗ, ಯಾವುದೋ ಹರಕೆಗೆ ಮಂಡಿಯೂರಿ ಬೆಟ್ಟ ಹತ್ತಿದವರಿರಬೇಕು ಅಂದುಕೊಂಡೆ.

ನಾನು ಹಿಂದೂಪುರದವಳು. ಕಲ್ಯಾಣದುರ್ಗ ದಾಟಿ ಕಂಬದೂರಿನ ಕಡೆಯ ಒಂದು ಹಳ್ಳಿಯ ಶಾಲೆಗೆ ಟೀಚರಾಗಿ ಹೋದಾಗ ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಊರಿಗೆಲ್ಲ ಅವರು ನೀರುಗಂಟವ್ವ. ಊರಾಚೆಯ ಹಳ್ಳದ ಮರಳಿನಡಿ ಜಿನುಗುವ ನೀರನ್ನು ಹಿಡಿದು, ನೆಲದೊಳಗೇ ಹರಿಸಿ, ಊರ ನಡುವಿನ ಕಲ್ಲುತೊಟ್ಟಿಗೆ ತರುವ ಸುರಂಗ ಅಲ್ಲಿದೆ. ಊಟಕಾಲುವೆ ಎನ್ನುತ್ತಾರೆ, ಊಟ ಎಂದರೆ ತೆಲುಗಿನಲ್ಲಿ ಒರತೆ. ಮೇಲೆ ಚಪ್ಪಡಿ, ಪಕ್ಕಕ್ಕೆ ಗಾರೆಯಿಲ್ಲದ ಕಲ್ಲುಗೋಡೆ, ಕೆಲವೆಡೆ ಬಂಡೆಯನ್ನೇ ಕೊರೆದ ದಾರಿ, ಗಾಳಿಗೆಂದು ಅಲ್ಲಲ್ಲಿ ಕಂಡಿ. ವರ್ಷಕ್ಕೊಮ್ಮೆ ಒಳಗೆ ಅಂಬೆಗಾಲಿಟ್ಟು ಹೋಗಿ ಹೂಳು ತೆಗೆಯುವುದು ಅವರ ಗಂಡನ ಮನೆತನದ ಕೆಲಸ. ಗಂಡ ತೀರಿದ ವರ್ಷ ಬೇರೆ ಯಾರೂ ಇಳಿಯಲಿಲ್ಲ. ಇವರೇ ಕಚ್ಚೆ ಬಿಗಿದು ಇಳಿದರಂತೆ.

"ಯಾರವ್ವ ಇದನ್ನ ಕಟ್ಟಿದ್ದು?" ಎಂದು ಕೇಳಿದೆ ಒಮ್ಮೆ.

"ನಾನೂ ನಮ್ಮತ್ತೇನ ಕೇಳಿದ್ದೆ ಕಣಮ್ಮ. ಅವ್ಳು ಅವಳತ್ತೇನ ಕೇಳವ್ಳೆ. ಯಾರೋ ರಾಜ ಅಂತಾರೆ. ರಾಜ ಅಗೀತಾನಾ? ಒಳಗೆ ಬಂಡೆ ಮ್ಯಾಲೆ ಉಳಿ ಏಟು ಐತೆ. ಒಂದು ಕಡೆ ಏಟೆಲ್ಲ ಉಲ್ಟಾ ವಾಲವೆ, ಎಡಗೈಯವ್ನು ಹೊಡೆದವ್ನೆ. ಅವ್ನೊಬ್ಬ ನಂಗೆ ಗೊತ್ತು."

ನೆನ್ನೆ ಬೀದಿಯಲ್ಲಿ ಸಿಕ್ಕವನ ಬಗ್ಗೆ ಹೇಳುವಂತೆ ಹೇಳಿದರು. ರಜೆಯ ಮಧ್ಯಾಹ್ನಗಳಲ್ಲಿ ಅವರು ಹೀಗೆ ಮಾತಾಡುತ್ತಿದ್ದರೆ ನನಗೆ ಮಂಪರು ಹತ್ತುತ್ತಿತ್ತು. ಹೊರಗೆ ಕಡಲೆಕಾಯಿ ಹೊಲದ ಮೇಲೆ ಬಿಸಿಲು ನಡುಗುತ್ತಿದ್ದರೆ, ನಮ್ಮ ಕಾಲ ಕೆಳಗೆ ಇನ್ನೊಂದು ಊರಿದೆ, ಅಲ್ಲಿ ಯಾವಾಗಲೂ ಮುಂಜಾವು ಅನ್ನಿಸುತ್ತಿತ್ತು.

ನನ್ನ ಮೂರನೇ ಬೇಸಿಗೆಯಲ್ಲಿ ತೊಟ್ಟಿಗೆ ಬೀಳುವ ನೀರು ನೂಲಿನೆಳೆಯಾಗಿ, ವಾರದೊಳಗೆ ನಿಂತೇಹೋಯಿತು. ಅದೇ ಹೊತ್ತಿಗೆ ಕಾಲುವೆಯ ಮೇಲೇ ಹಾದು ಊರಿಗೆ ಹೊಸ ರಸ್ತೆ ಬರುತ್ತಿತ್ತು. ಸತ್ತ ಕಾಲುವೆ ಇವತ್ತಲ್ಲ ನಾಳೆ ಕುಸಿಯುತ್ತದೆ, ಜೆಸಿಬಿ ತಂದು ಮಣ್ಣು ತುಂಬಿಬಿಡೋಣ ಎಂದ ರಸ್ತೆಯ ಇಂಜಿನಿಯರ್. ಊರಿನವರೂ ಒಪ್ಪಿದರು.

"ಒಂದಿನ ತಡಿ ಕಣಪ್ಪ. ನೋಡ್ಕಂಡ್ ಬತ್ತೀನಿ" ಎಂದರು ನೀರುಗಂಟವ್ವ. ಆಗ ಅವರಿಗೆ ಎಪ್ಪತ್ತರ ಹತ್ತಿರ.

ಮರುದಿನ ಬೆಳಿಗ್ಗೆ ಹಣೆಗೆ ಬ್ಯಾಟರಿ ಕಟ್ಟಿಕೊಂಡು, ಕೈಯಲ್ಲಿ ಒಂದು ಹಾರೆ ಹಿಡಿದು, ತೊಟ್ಟಿಯ ಕಡೆಯಿಂದ ಒಳಗೆ ನುಗ್ಗಿದರು. "ಟೀಚರಮ್ಮ, ನೀನು ಮ್ಯಾಲೆ ಬಾ. ಕಂಡಿಕಂಡಿಗೂ ಕೂಗು" ಎಂದಿದ್ದರು. ನಾನು ಹೊಲದಲ್ಲಿ ನಡೆಯುತ್ತ, ಪ್ರತಿ ಕಂಡಿಗೂ ಬಗ್ಗಿ "ಅವ್ವಾ!" ಎನ್ನುತ್ತಿದ್ದೆ. "ಇದೀನಿ ಕಣಮ್ಮ" ಎಂದು ಕೆಳಗಿನಿಂದ ಒದ್ದೆಯಾದ, ಎಳೆ ಹುಡುಗಿಯಂಥ ದನಿ ಬರುತ್ತಿತ್ತು.

ಐದನೇ ಕಂಡಿಯಲ್ಲಿ ದನಿ ಬರಲಿಲ್ಲ.

ಮತ್ತೆ ಕೂಗಿದೆ. ನೆಲಕ್ಕೆ ಬೋರಲು ಮಲಗಿ ಕಂಡಿಗೆ ಮುಖವಿಟ್ಟೆ. ತಣ್ಣನೆಯ ಗಾಳಿ ಕೆನ್ನೆಗೆ ತಾಕಿತು, ಅಷ್ಟೆ. ಹಿಂದೆಯೇ ಬಂದಿದ್ದ ಇಂಜಿನಿಯರ್ ಹೆಲ್ಮೆಟ್ ತೆಗೆದಿಟ್ಟು ನನ್ನ ಪಕ್ಕ ಮಲಗಿ, ಗಂಟಲು ಹರಿಯುವ ಹಾಗೆ "ಪಲುಕವ್ವಾ!", ಮಾತಾಡವ್ವಾ, ಎಂದು ತೆಲುಗಿನಲ್ಲಿ ಕಿರುಚಿದ. ಎಷ್ಟೋ ಹೊತ್ತಿನ ಮೇಲೆ ಕಲ್ಲಿಗೆ ಕಬ್ಬಿಣ ತಾಗುವ ಸದ್ದು ಕೇಳಿತು. ಆಮೇಲೆ ಯಾರೋ ದೀರ್ಘ ಉಸಿರು ಬಿಟ್ಟಂಥದೊಂದು ಸದ್ದು.

"ಚಪ್ಪಡಿ ಬಿದ್ದಿತ್ತು, ಬೇರು ಹೆಣ್ಕಂಡಿತ್ತು. ಕಿತ್ ಹಾಕ್ಬುಟ್ಟೆ! ನೀರು ಬತ್ತೈತೆ, ಓಡ್ರಿ, ಅದಕ್ಕಿಂತ ಮುಂಚೆ ಹೋಗ್ರಿ!"

ನಾವಿಬ್ಬರೂ ಊರಿನತ್ತ ಓಡಿದೆವು. ಕಾಲ ಕೆಳಗೆ ನೀರೂ ಓಡುತ್ತಿತ್ತು. ತೊಟ್ಟಿ ಮುಟ್ಟಿದಾಗ ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ ಸುರಿಯಿತು. ಅದರ ಹಿಂದೆಯೇ ಅವ್ವ ಅಂಬೆಗಾಲಿಟ್ಟು ಹೊರಬಂದರು. ಇಂಜಿನಿಯರ್ ರಸ್ತೆಯನ್ನು ಪಕ್ಕಕ್ಕೆ ಸರಿಸಿ ಗೆರೆ ಎಳೆಸಿದ.

ಆಮೇಲೆ ಎರಡು ವರ್ಷ ಅವರು ನನ್ನನ್ನು ಹೊಲಗಳ ಮೇಲೆ ನಡೆಸಿ, ಕಾಲುವೆ ಎಲ್ಲೆಲ್ಲಿ ತಿರುಗುತ್ತದೆಂದು ತೋರಿಸಿ ನಕ್ಷೆ ಬರೆಸಿದರು. ಆ ನಕ್ಷೆ ಹಿಡಿದು ಈಗ ಊರಿನ ನಾಲ್ಕು ಹೆಂಗಸರು ಕಾಲುವೆಗೆ ಇಳಿಯುತ್ತಾರೆ. ನನಗೆ ಹಿಂದೂಪುರಕ್ಕೆ ವರ್ಗವಾಯಿತು.

ಹೋದ ವರ್ಷ ನೀರುಗಂಟವ್ವ ತೀರಿಹೋದ ಸುದ್ದಿ ಫೋನಿನಲ್ಲಿ ಬಂತು. ಸಿಕ್ಕ ಬಸ್ಸು ಹಿಡಿದು ಹೋದೆ. ಮೀಯಿಸಲು ಯಾರೋ ಕ್ಯಾನ್ ನೀರು ತಂದಿಟ್ಟಿದ್ದರು. ಅವರ ತಂಗಿ ಅದನ್ನು ಪಕ್ಕಕ್ಕೆ ತಳ್ಳಿ, "ಟೀಚರಮ್ಮ ತೊಟ್ಟಿಯಿಂದ ತರ್ಲಿ" ಎಂದರು. ಹೆಣ ಮೀಯಿಸಲು ಮನೆಯವರು ಮಾತ್ರ ತರುವ ನೀರು ಅದು. ಹೊರಗಿನವಳಾದ ನಾನು ಬಿಂದಿಗೆ ತುಂಬಿಕೊಂಡು ಬಂದೆ.

ಮೊದಲ ಚೊಂಬು ಹೊಯ್ಯುತ್ತ ತಂಗಿ ಬಗ್ಗಿ ಅವರ ಕಿವಿಯಲ್ಲಿ ಹೇಳಿದರು: "ತಣ್ಣಗೈತೆ ಅಂತ ಬಯ್ಯಬ್ಯಾಡ ಕಣಕ್ಕ. ನೀನೇ ತಂದಿದ್ದು."