ಕಾಗೆ ಕಾಯುವ ನಾಯಿ

ಕುರಿ ಕಾಯುವ ಜಾತಿಯ ನಾಯಿಗಳ ಬಗ್ಗೆ ನನಗೆ ತಿಳಿದಿರುವುದೆಲ್ಲ ನನ್ನ ಹಿಮ್ಮಡಿಯ ಮೂಲಕ ತಿಳಿದದ್ದು. ನಮ್ಮ ಜೂಲಿ ಕಚ್ಚುವುದಿಲ್ಲ. ಹಿಂದಿನಿಂದ ಬಂದು ಹಲ್ಲಿನ ತುದಿಯಿಂದ ಹಿಮ್ಮಡಿ ಮುಟ್ಟುತ್ತದೆ. ನಡೆಯಬೇಕಾದದ್ದು ಯಾವ ಕಡೆಗೆ ಎನ್ನುವುದು ನಮಗೇ ಗೊತ್ತಾಗಬೇಕು.

ಮೂರು ವರ್ಷಗಳ ಹಿಂದೆ ಅದು ಮಣಿಪಾಲದ ಒಂದು ಫ್ಲ್ಯಾಟಿನಿಂದ ಕಾಪುವಿನ ನಮ್ಮ ಮನೆಗೆ ಬಂತು. ನನ್ನ ಹೆಂಡತಿ ಸುಮತಿ ಅಲ್ಲಿನ ಮೇಡಂ ಒಬ್ಬರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ಅಳತೆ ತೆಗೆಯಲು ಹೋದವಳು ಸಂಜೆ ನಾಯಿ ಹಿಡಿದುಕೊಂಡು ಬಂದಳು. ಫ್ಲ್ಯಾಟಿನವರು ಹೊರಹಾಕುವಂತೆ ಅದು ಮಾಡಿದ ತಪ್ಪೆಂದರೆ, ಆಟವಾಡುತ್ತಿದ್ದ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ಕಾರು ನಿಲ್ಲಿಸುವ ಜಾಗದ ಒಂದು ಮೂಲೆಯಲ್ಲಿ ನಿಲ್ಲಿಸಿದ್ದು. ಒಂದು ಮಗುವಿಗೂ ಗಾಯವಾಗಿರಲಿಲ್ಲ, ಆದರೆ ಹೊರಗೆ ಬರಲು ಒಂದನ್ನೂ ಬಿಟ್ಟಿರಲಿಲ್ಲ.

ಇದರ ಅಜ್ಜಂದಿರು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಗುಡ್ಡಗಳಲ್ಲಿ ಕುರಿ ಕಾದವರೆಂದು ಆ ಮೇಡಂ ಹೇಳಿದ್ದರಂತೆ. ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ, ಬೊಗಳದೆ, ರೆಪ್ಪೆ ಬಡಿಯದೆ, ನೋಟದಿಂದಲೇ ಮಂದೆಯನ್ನು ತಿರುಗಿಸುವ ಜಾತಿ. ಯೋಚಿಸಿದರೆ ಇದು ತೋಳದ ಬೇಟೆಯೇ. ಕೊಲ್ಲುವ ಕೊನೆಯ ಪಾಠವನ್ನು ಮಾತ್ರ ಮನುಷ್ಯ ಮರೆಸಿದ್ದಾನೆ. ಆದರೆ ಕಾಪುವಿನಲ್ಲಿ ಕುರಿ ಎಲ್ಲಿಂದ ತರುವುದು? ಜೂಲಿ ಪಕ್ಕದ ಮನೆಯ ಕೋಳಿಗಳನ್ನು ಕಾಯಿತು. ಮೀನು ಮಾರುವ ಹೆಂಗಸನ್ನು ಗೇಟಿನಿಂದ ಅಡುಗೆಮನೆಯ ಬಾಗಿಲವರೆಗೆ ನಡೆಸಿಕೊಂಡು ಬಂತು. ಇನ್ನು ಉಳಿದವನು ನಾನು. ನಾನು ಜಗಲಿಯಲ್ಲಿ, ಸುಮತಿ ಒಳಗೆ ಇದ್ದರೆ ಅದಕ್ಕೆ ನೆಮ್ಮದಿಯಿಲ್ಲ. ನನ್ನನ್ನು ಎಬ್ಬಿಸಿ ಅವಳ ಹೊಲಿಗೆ ಮೆಷಿನ್ನಿನ ಹತ್ತಿರ ತಂದು ನಿಲ್ಲಿಸಿದ ಮೇಲೆಯೇ ಅದು ಮಲಗುತ್ತಿತ್ತು.

"ನಾನು ಇಪ್ಪತ್ತೆಂಟು ವರ್ಷ ಕರೆದದ್ದು ದಂಡ. ಒಂದು ನಾಯಿ ಸಾಕಿದ್ದರೆ ಆಗ್ತಿತ್ತು," ಎನ್ನುತ್ತಿದ್ದಳು ಸುಮತಿ.

ಕಳೆದ ಮಳೆಗಾಲದ ಕೊನೆಗೆ ಅವಳು ತೀರಿಕೊಂಡಳು. ಆಮೇಲೆ ಜೂಲಿ ನನ್ನನ್ನು ಎಬ್ಬಿಸುತ್ತಿತ್ತು, ಮೆಷಿನ್ನಿನ ಹತ್ತಿರ ತರುತ್ತಿತ್ತು, ಅಲ್ಲಿ ಯಾರೂ ಇಲ್ಲದ್ದು ಕಂಡು ಗೇಟಿಗೆ ಓಡುತ್ತಿತ್ತು. ದಿನಕ್ಕೆ ಹತ್ತು ಸಲ. ನನಗೋ ಒಂದು ಕೊಡ ನೀರು ಎತ್ತಿಟ್ಟರೆ ಮತ್ತೆ ಏಳುವುದೇ ಬೇಡ ಅನಿಸುವಷ್ಟು ದಣಿವು.

ಕಾರ್ಕಳದಿಂದ ಬಂದಿದ್ದ ಸುಮತಿಯ ತಮ್ಮ ಭಾಸ್ಕರ ಇದನ್ನೆಲ್ಲ ನಾಲ್ಕು ದಿನ ನೋಡಿದ.

"ಭಾವ, ನಿಮಗೆ ನಿಮ್ಮನ್ನೇ ನೋಡಿಕೊಳ್ಳಲಿಕ್ಕೆ ಆಗುವುದಿಲ್ಲ. ಇದನ್ನು ಇಟ್ಟುಕೊಂಡು ಎಂತ ಮಾಡ್ತೀರಿ? ಪೆರ್ಡೂರಿನಲ್ಲಿ ನನ್ನ ದೋಸ್ತಿಯ ಹತ್ತಿರ ಆಡುಗಳುಂಟು. ಇದಕ್ಕೂ ಒಂದು ಉದ್ಯೋಗ ಆಯಿತಲ್ವಾ?"

ನನಗೆ ಅವನ ಮಾತು ಸರಿ ಎನಿಸಿತು. ಕುರಿಯಲ್ಲದಿದ್ದರೂ ಆಡು. ಹುಟ್ಟುಗುಣಕ್ಕೆ ತಕ್ಕ ಕೆಲಸ. ಹೂಂ ಎಂದೆ. ಉತ್ತರಕ್ರಿಯೆ ಮುಗಿದ ಮರುದಿನ ಕಳಿಸುವುದೆಂದಾಯಿತು.

ಉತ್ತರಕ್ರಿಯೆಯ ದಿನ ಅಂಗಳದ ಮೂಲೆಯಲ್ಲಿ ಕುಡಿಬಾಳೆಯ ಎಲೆ ಹಾಕಿ, ಸತ್ತವಳ ಹೆಸರಿನಲ್ಲಿ ಅನ್ನ ಬಡಿಸಿ, ಕೈ ಚಪ್ಪಾಳೆ ತಟ್ಟಿ ಕಾಗೆಯನ್ನು ಕರೆದೆವು. ಕಾಗೆ ಮುಟ್ಟುವವರೆಗೆ ನೆಂಟರಿಗೆ ಊಟವಿಲ್ಲ. ತೆಂಗಿನ ಮರದಲ್ಲಿ ಏಳೆಂಟು ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

"ಅವಳಿಗೆ ಎಂತದೋ ಆಸೆ ಬಾಕಿ ಉಂಟು," ಎಂದರು ಸುಮತಿಯ ಚಿಕ್ಕಮ್ಮ. ಎಲೆಗೆ ಮಟ್ಟುಗುಳ್ಳ ಬದನೆಯ ಹುಳಿ ಇನ್ನೊಂದು ಸೌಟು ಬಿತ್ತು. ಆಮೇಲೆ ಒಂದು ಲೋಟ ಚಹಾ ಬಂತು. ಕಾಗೆ ಬರಲಿಲ್ಲ.

"ಸುಮತೀ, ನಿನ್ನ ಮೆಷಿನ್ ಯಾರಿಗೂ ಕೊಡುವುದಿಲ್ಲ, ಬಾ ಮಗಾ," ಎಂದು ಚಿಕ್ಕಮ್ಮ ಮರದ ಕಡೆ ನೋಡಿ ಕೈಮುಗಿದರು.

"ಬದುಕಿರುವಾಗ ಒಬ್ಬರನ್ನೂ ಊಟಕ್ಕೆ ಕಾಯಿಸಿದವಳಲ್ಲ ಮಾರಾಯ," ಎಂದು ನೆರೆಮನೆಯವನು ಹಿಂದಿನಿಂದ ಗೊಣಗಿದ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಬಾವಿಕಟ್ಟೆಯ ಮರೆಯಲ್ಲಿದ್ದ ಜೂಲಿ. ಹೊಟ್ಟೆ ನೆಲಕ್ಕೆ ಹತ್ತಿಸಿ, ಕತ್ತು ಚಾಚಿ, ಮರದ ಮೇಲಿನ ಕಾಗೆಗಳನ್ನು ಒಂದೇ ಸಮನೆ ನೋಡುತ್ತಿತ್ತು. ಒಂದು ಕಾಗೆ ತೆಂಗಿನ ಗರಿ ಬಿಟ್ಟು ತುಸು ಕೆಳಗೆ ಬಂತು. ಜೂಲಿ ಎರಡು ಹೆಜ್ಜೆ ತೆವಳಿತು. ಕಾಗೆ ತಿರುಗಿ ಮೇಲೆ ಹೋಯಿತು.

ಎದ್ದು ಹೋಗಿ ಕತ್ತಿನ ಪಟ್ಟಿ ಹಿಡಿದೆ. ಕೆಲಸದ ಮೇಲಿರುವಾಗ ಅದನ್ನು ಎಳೆಯುವುದು ಸುಲಭವಲ್ಲ. ನಾಲ್ಕು ಕಾಲನ್ನೂ ಊರಿ ನಿಂತಿತು. ಪುಸಲಾಯಿಸಲೆಂದು, "ಬಾ, ಬಾ. ನಿನ್ನನ್ನು ಎಲ್ಲಿಗೂ ಕಳಿಸುವುದಿಲ್ಲ," ಎಂದೆ. ಮಕ್ಕಳಿಗೆ ಹೇಳುವ ಹಾಗೆ, ಬಾಯಿಗೆ ಬಂದದ್ದು. ಸಾಕಷ್ಟು ಗಟ್ಟಿಯಾಗಿಯೇ ಬಂದಿತ್ತು.

ಜೂಲಿಯನ್ನು ಕೋಣೆಗೆ ಸೇರಿಸಿ ಬಾಗಿಲು ಹಾಕಿಕೊಂಡು ಬರುವಷ್ಟರಲ್ಲಿ ಅಂಗಳದಲ್ಲಿ ಗಲಾಟೆ. ಮೂರು ಕಾಗೆಗಳು ಎಲೆಯ ಮೇಲಿದ್ದವು.

ಭಾಸ್ಕರನ ಕಣ್ಣು ತುಂಬಿತ್ತು. "ಭಾವ ಮಾತು ಕೊಟ್ಟದ್ದೇ ತಡ ನೋಡಿ! ಅಕ್ಕನಿಗೆ ಇದೇ ಬೇಕಿತ್ತು," ಎಂದು ಎಲ್ಲರಿಗೂ ಹೇಳಿದ. ಅಲ್ಲಿಯೇ ನಿಂತು ಪೆರ್ಡೂರಿಗೆ ಫೋನ್ ಮಾಡಿ, ನಾಯಿ ಬರುವುದಿಲ್ಲವೆಂದು ತಿಳಿಸಿದ. ನಿಜ ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು. ಹಸಿದವರ ಮುಂದೆ ನಾಯಿಯ ಹುಟ್ಟುಗುಣ ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ.

ಈಗಲೂ ಭಾಸ್ಕರ ಈ ಕಥೆಯನ್ನು ಹೋದಲ್ಲೆಲ್ಲ ಹೇಳುತ್ತಾನೆ. ನಾನು ತಿದ್ದುವುದಿಲ್ಲ, ಏಕೆಂದರೆ ಕಾಗೆ ಇಳಿದ ಕಾರಣವನ್ನು ಅವನು ತಪ್ಪಾಗಿ ಹೇಳಿದರೂ ಅಕ್ಕನ ಆಸೆಯನ್ನು ತಪ್ಪಾಗಿ ಹೇಳಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಸುಮತಿ ನನ್ನ ಊಟದ ಬಗ್ಗೆ ಒಮ್ಮೆ ಕೇಳಿದರೆ ಜೂಲಿಯ ಊಟದ ಬಗ್ಗೆ ಎರಡು ಸಲ ಕೇಳುತ್ತಿದ್ದಳು. ತಾನು ಹೋದ ಮೇಲೆ ಅದಕ್ಕೆ ಯಾರು ಎಂದು ಮಾತ್ರ ಕೇಳಲಿಲ್ಲ. ಕೇಳುವಂಥ ಸಂಗತಿ ಅದೆಂದು ಅವಳಿಗೆ ತೋರಿರಲಿಲ್ಲ. ಅಂಥವಳ ಮನಸ್ಸು ತಿಳಿದೂ ತಿಳಿಯದವನಂತೆ ನಾನು ಹೂಂ ಎಂದುಬಿಟ್ಟಿದ್ದೆ.

ನಾಚಿಕೆಯಾಗುತ್ತದೆ. ಇದನ್ನು ಭಾಸ್ಕರನಿಗೆ ಹೇಳಿಲ್ಲ. ಜೂಲಿಗೆ ಹೇಳಿದೆ. ಅದು ತೆಂಗಿನ ಮರವನ್ನೇ ನೋಡುತ್ತಿತ್ತು.